ಮೋಟರ್‌ಹೋಮ್‌ನ ಮಂಚ ಅರ್ಧಕ್ಕೇ ನಿಂತುಬಿಟ್ಟರೆ

ನಮ್ಮದು ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಉಳಿಯುವಂಥ ಗಾಡಿ. ಅದರ ಮಂಚ ಬೆಲ್ಟ್‌ಗಳಿಂದ ನೇತಾಡುತ್ತದೆ, ಬಟನ್ ಒತ್ತಿದರೆ ಮೋಟರ್ ಅದನ್ನು ಛಾವಣಿಯಿಂದ ಇಳಿಸುತ್ತದೆ, ಏರಿಸುತ್ತದೆ. ಆವತ್ತು ಬೆಳಗ್ಗೆ ಎಂಟಕ್ಕೆ ಹೊರಡಬೇಕಿತ್ತು. ನಮ್ಮವರು ಹೊರಗೆ ನೀರಿನ ಟ್ಯಾಂಕ್ ತುಂಬಿಸುತ್ತಿದ್ದರು. ಮಗಳು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ನಾನು ಮಂಚವನ್ನು ಛಾವಣಿಗೆ ಕಳಿಸಲು ಬಟನ್ ಒತ್ತಿದೆ. ರಾತ್ರಿ ಸಲೀಸಾಗಿ ಇಳಿದಿದ್ದ ಮಂಚ ನನ್ನ ಎದೆ ಮಟ್ಟದವರೆಗೆ ಏರಿತು, ನಿಧಾನವಾಯಿತು, ಮೋಟರ್ ನರಳಿತು, ನಿಂತುಬಿಟ್ಟಿತು. ಹತ್ತು ನಿಮಿಷ ಬಿಟ್ಟು ಒತ್ತಿದರೆ ಒಂದು ಗೇಣು ಏರಿ ಮತ್ತೆ ನಿಂತಿತು. ಮಂಚ ಹಾಗೆ ನೇತಾಡುತ್ತಿರುವಾಗ ಗಾಡಿ ಓಡಿಸುವಂತಿಲ್ಲ. ನಮ್ಮ ಗಾಡಿಯಲ್ಲಿ ಅದು ಬಾಗಿಲಿಗೂ ಅರ್ಧ ಅಡ್ಡ ಬರುತ್ತದೆ.

ಮೋಟರ್ ಹೋಯಿತು ಅಂತ ಇಬ್ಬರೂ ತೀರ್ಮಾನಿಸಿದೆವು. ಹೊಸ ಮೋಟರ್ ತರಿಸುವ ಮಾತೂ ಆಯಿತು. ಮೋಟರ್ ಸರಿಯಾಗೇ ಇತ್ತು. ತಪ್ಪು ಎಲ್ಲಿತ್ತು ಅನ್ನುವುದು ಮುಂದೆ ಬರುತ್ತದೆ. ಆವತ್ತು ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡದಿದ್ದರೆ ಒಳ್ಳೆಯ ಮೋಟರನ್ನು ಬಿಚ್ಚಿ ಎಸೆಯುತ್ತಿದ್ದೆವು, ಹೊಸದೂ ಹಾಗೇ ನಿಲ್ಲುತ್ತಿತ್ತು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಬಟನ್ ಬಿಡಿ

ಮಂಚ ನಿಂತ ತಕ್ಷಣ ಎಲ್ಲರೂ ಮಾಡುವುದು ಬಟನ್ ಮತ್ತೆ ಮತ್ತೆ ಒತ್ತುವುದು. ದಯವಿಟ್ಟು ಬೇಡ. ತಿರುಗಲಾಗದೆ ಸಿಕ್ಕಿಕೊಂಡ ಮೋಟರ್ ಸಾಮಾನ್ಯಕ್ಕಿಂತ ತುಂಬಾ ಜಾಸ್ತಿ ಕರೆಂಟ್ ಎಳೆಯುತ್ತದೆ, ಬೇಗ ಕಾಯುತ್ತದೆ. ಎಷ್ಟೋ ಮೋಟರ್‌ಗಳ ಒಳಗೆ ಬಿಸಿಯಾದರೆ ತಾನೇ ಕಡಿದುಕೊಳ್ಳುವ ಸ್ವಿಚ್ ಇರುತ್ತದೆ. ಅದು ಕಡಿದುಕೊಂಡರೆ ಮಂಚ ಪೂರ್ತಿ ಮೌನವಾಗುತ್ತದೆ. ಆಗ ನೀವು ಹುಡುಕುತ್ತಿರುವುದು ಮೊದಲಿನ ತೊಂದರೆಯನ್ನೋ ಹೊಸದನ್ನೋ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ಆರಲು ಬಿಡಿ.

ಈ ಹೊತ್ತಿನಲ್ಲಿ ಮಂಚದ ಕೆಳಗಿನ ಜಾಗ ಖಾಲಿ ಮಾಡಿ. ಮಕ್ಕಳು, ನಾಯಿ, ಬೆಕ್ಕು ಯಾರೂ ಅಲ್ಲಿರಬಾರದು. ಮಂಚದ ಮೇಲೂ ಯಾರೂ ಇರಬಾರದು. ಹೆಚ್ಚಿನ ಮಂಚಗಳ ಗೇರ್ ಹಿಮ್ಮುಖ ತಿರುಗದ ಹಾಗೆ ಇರುತ್ತದೆ, ಹಾಗಾಗಿ ಕರೆಂಟ್ ಇಲ್ಲದಿದ್ದರೂ ಮಂಚ ಧೊಪ್ಪೆಂದು ಬೀಳುವುದಿಲ್ಲ. ಆದರೆ ನಿಮ್ಮ ಮಂಚ ಯಾಕೆ ನಿಂತಿದೆ ಅಂತ ನಿಮಗಿನ್ನೂ ಗೊತ್ತಿಲ್ಲ ಅಲ್ವಾ? ಬೆಲ್ಟ್ ಸವೆದಿರಬಹುದು, ಗೇರ್ ಹಲ್ಲು ಮುರಿದಿರಬಹುದು. ಕೆಳಗೆ ಕೈ ಹಾಕಿ ಕೆಲಸ ಮಾಡಬೇಕಾದರೆ ಮಂಚದ ಚೌಕಟ್ಟಿಗೆ ಎರಡೂ ಬದಿ ಗಟ್ಟಿ ಮರದ ಆಸರೆ ಕೊಡಿ. ಪ್ಲೈವುಡ್ ಹಲಗೆಗೆ ಕೊಟ್ಟರೆ ಅದು ತೂತಾಗುತ್ತದೆ. ಗೇರ್, ಬೆಲ್ಟ್ ಮುಟ್ಟುವ ಮುಂಚೆ ಮಂಚದ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ನಿಮ್ಮ ಬೆರಳು ಒಳಗಿರುವಾಗ ಇನ್ನೊಬ್ಬರು ಬಟನ್ ಒತ್ತದ ಹಾಗೆ ಮಾಡಲು ಬೇರೆ ದಾರಿ ನನಗೆ ಗೊತ್ತಿಲ್ಲ. ಹೇಳಿ ಹೋದರೂ ಮರೆಯುತ್ತಾರೆ.

ಅರ್ಧಕ್ಕೆ ನಿಂತ ಮಂಚದ ಮೇಲೆ ಮಲಗಬೇಡಿ. ಅದರ ಕೆಳಗೂ ಹಾಸಿಗೆ ಹಾಸಬೇಡಿ. ಪೂರ್ತಿ ಇಳಿದಾಗ ಎಷ್ಟೋ ಮಂಚಗಳು ಕೆಳಗಿನ ಆಧಾರದ ಮೇಲೆ ಕೂರುತ್ತವೆ. ಮಧ್ಯದಲ್ಲಿ ನಿಂತಾಗ ಇಡೀ ಭಾರ ಬೆಲ್ಟ್ ಮೇಲೆ, ಗೇರ್ ಮೇಲೆ ಇರುತ್ತದೆ.

ಹೇಗೆ ನಿಂತಿತು ಅನ್ನುವುದರಲ್ಲೇ ಅರ್ಧ ಉತ್ತರ ಇದೆ

ಒಂದು ಸಲ, ಒಂದೇ ಒಂದು ಸಲ, ಎರಡು ಸೆಕೆಂಡ್ ಬಟನ್ ಒತ್ತಿ ಕಿವಿಗೊಟ್ಟು ಕೇಳಿ. ಕೆಳಗೆ ಒಮ್ಮೆ, ಮೇಲೆ ಒಮ್ಮೆ.

ಎರಡೂ ಕಡೆ ಏನೂ ಸದ್ದಿಲ್ಲ ಅಂದರೆ ಹೆಚ್ಚಾಗಿ ಕರೆಂಟೇ ಬರುತ್ತಿಲ್ಲ. ಫ್ಯೂಸ್, ಮಂಚದ ಕೀ, 12 ವೋಲ್ಟ್ ಮೇನ್ ಸ್ವಿಚ್, ಇವನ್ನು ನೋಡಿ. ‘ಟಿಕ್’ ಅಂತ ಸದ್ದು ಬಂದು ಮೋಟರ್ ಅಲ್ಲಾಡದಿದ್ದರೆ ರಿಲೇವರೆಗೆ (ಬಟನ್ ಮಾತು ಕೇಳಿ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಸುದ್ದಿ ಮುಟ್ಟಿದೆ, ತೊಂದರೆ ಅಲ್ಲಿ ಅಥವಾ ಅದರ ಮುಂದೆ ಇದೆ. ಕೆಳಗೆ ಹೋಗುತ್ತದೆ, ಮೇಲೆ ಒತ್ತಿದರೆ ಸದ್ದೇ ಇಲ್ಲ ಅಂದರೆ ಬ್ಯಾಟರಿ, ಫ್ಯೂಸ್, ಮೋಟರ್ ಮೂರನ್ನೂ ಹೆಚ್ಚುಕಮ್ಮಿ ಬಿಟ್ಟುಬಿಡಬಹುದು, ಅವು ಎರಡೂ ದಿಕ್ಕಿಗೆ ಒಂದೇ. ಆ ದಿಕ್ಕಿನ ಲಿಮಿಟ್ ಸ್ವಿಚ್ (ತುದಿ ಬಂದಾಗ ಮೋಟರ್ ನಿಲ್ಲಿಸುವ ಸ್ವಿಚ್) ಅಥವಾ ರಿಲೇ ನೋಡಿ. ಕೆಳಗೆ ಚೆನ್ನಾಗಿ ಹೋಗಿ, ಮೇಲೆ ಹೋಗಲು ನರಳುತ್ತದೆ ಅಂದರೆ ಶಕ್ತಿ ಸಾಲುತ್ತಿಲ್ಲ. ಇಳಿಯುವಾಗ ಮಂಚದ ಭಾರವೇ ಸಹಾಯಕ್ಕಿದೆ. ಏರುವಾಗ ಅಷ್ಟನ್ನೂ ಮೋಟರ್ ಎತ್ತಬೇಕು. ಮೋಟರ್ ಸರಾಗವಾಗಿ ತಿರುಗುವ ಸದ್ದಿದೆ, ಮಂಚ ಮಾತ್ರ ಕದಲುತ್ತಿಲ್ಲ ಅಂದರೆ ಗೇರ್ ಅಥವಾ ಅದರ ಪಿನ್ ಮುರಿದಿದೆ. ಅದು ಬಿಚ್ಚಿ ಮಾಡುವ ಕೆಲಸ, ಮಂಚಕ್ಕೆ ಆಸರೆ ಕೊಟ್ಟು ಬಲ್ಲವರನ್ನು ಕರೆಯಿರಿ.

ನಮ್ಮದು ನರಳುವ ಜಾತಿಯದು.

ಕಣ್ಣಿಗೆ ಕಾಣುವ ಅಡ್ಡಿಗಳು

ಮೀಟರ್ ತೆಗೆಯುವ ಮುಂಚೆ ಟಾರ್ಚ್ ಹಿಡಿದು ಸುತ್ತ ನೋಡಿ. ಸೀಟಿನ ತಲೆದಿಂಬು, ತೆರೆದುಬಿಟ್ಟ ಕಪಾಟಿನ ಬಾಗಿಲು, ಮುಂದಕ್ಕೆ ಎಳೆದ ಟಿವಿ, ಮಡಚಿಡದ ಏಣಿ, ಓದುವ ದೀಪ. ಇಳಿಯುವ ಮಂಚ ಇವುಗಳ ಮೇಲೆ ಒಂದು ಮೂಲೆಯಲ್ಲಿ ಕೂತರೆ ಆ ಮೂಲೆಯ ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್‌ನಿಂದ ನೇತಾಡುವ ಎಷ್ಟೋ ಮಂಚಗಳಲ್ಲಿ ಬೆಲ್ಟ್ ಸಡಿಲವಾದ ಕೂಡಲೇ ಮೋಟರ್ ನಿಲ್ಲಿಸುವ ಸಣ್ಣ ಸ್ವಿಚ್ ಇರುತ್ತದೆ. ಅಂದರೆ ಮಂಚ ಕೆಟ್ಟಿಲ್ಲ, ಸರಿಯಾಗಿ ಕೆಲಸ ಮಾಡಿದೆ. ಇಲ್ಲಿ ಕೆಳಗಿನ ಬಟನ್ ಒತ್ತಲೇಬೇಡಿ. ಮೇಲಕ್ಕೆ ಸ್ವಲ್ಪ ಎತ್ತಿ, ಅಡ್ಡಿ ತೆಗೆದು, ಆಮೇಲೆ ಇಳಿಸಿ.

ಆ ಸ್ವಿಚ್ ಇಲ್ಲದ ಅಥವಾ ಕೆಟ್ಟ ಮಂಚದಲ್ಲಿ ಕೆಳಗೆ ಒತ್ತುತ್ತಲೇ ಇದ್ದರೆ ಇನ್ನೊಂದು ವಿಚಿತ್ರ ಆಗುತ್ತದೆ. ಬೆಲ್ಟ್ ಪೂರ್ತಿ ಬಿಚ್ಚಿಕೊಂಡು ಉರುಳೆಯ ಮೇಲೆ ಉಲ್ಟಾ ಸುತ್ತಿಕೊಳ್ಳಲು ಶುರುವಾಗುತ್ತದೆ. ಆಗ ಕೆಳಗಿನ ಬಟನ್ ಒತ್ತಿದರೆ ಮಂಚ ಮೇಲೆ ಹೋಗುತ್ತದೆ! ವೈರ್ ಅದಲುಬದಲಾಗಿದೆ ಅಂತ ವೈರ್ ಬದಲಿಸಲು ಹೋಗಬೇಡಿ. ವೈರ್ ತಾನಾಗೇ ಅದಲುಬದಲಾಗುವುದಿಲ್ಲ. ಬೆಲ್ಟನ್ನು ಪೂರ್ತಿ ಬಿಚ್ಚಿ ಸರಿಯಾದ ದಿಕ್ಕಿಗೆ ಸುತ್ತಿಸಬೇಕು.

ಏರುವಾಗ ಪೂರ್ತಿ ಮೇಲೆ ಹೋಗದೆ ನಾಲ್ಕು ಬೆರಳು ಕೆಳಗೇ ನಿಂತರೆ ಹಾಸಿಗೆ ಮೇಲಿನ ಹೊದಿಕೆ ನೋಡಿ. ದಪ್ಪ ರಜಾಯಿ, ನಾಲ್ಕು ದಿಂಬು, ಮೇಲೊಂದು ಹೆಚ್ಚುವರಿ ಹಾಸು ಹಾಕಿದರೆ ಅದು ಛಾವಣಿಗೆ ಒತ್ತುತ್ತದೆ. ದಿಂಬುಗಳನ್ನು ಒಂದರ ಮೇಲೊಂದು ಇಡದೆ ಹರಡಿ.

ಗಾಡಿ ಮಟ್ಟವಾಗಿ ನಿಂತಿದೆಯಾ ಅಂತಲೂ ನೋಡಬೇಕು. ಇದನ್ನು ತುಂಬಾ ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದರೆ ಮಂಚ ಒಂದು ಬದಿಗೆ ವಾಲಿ, ತಾನು ಏರಿಳಿಯುವ ಪಕ್ಕದ ಹಳಿಯಲ್ಲಿ ಹಿಡಿದುಕೊಳ್ಳಬಹುದು. ಒಂದು ರಸಮಟ್ಟ ನೆಲದ ಮೇಲಿಟ್ಟು ನೋಡಿ. ಚಕ್ರದ ಕೆಳಗೆ ದಿಮ್ಮಿ ಕೊಟ್ಟು ಗಾಡಿ ಮಟ್ಟ ಮಾಡುವುದಾದರೆ ಮಂಚ ಅಲ್ಲಾಡದ ಹಾಗೆ ಮೊದಲು ಅದನ್ನು ಕಟ್ಟಿಹಾಕಿ.

ಸದ್ದೇ ಇಲ್ಲದ ಮಂಚಕ್ಕೆ ಇನ್ನೊಂದು ಕಾರಣ ಇಂಜಿನ್. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಚಾಲೂ ಇದ್ದರೆ ಮಂಚ ಕೆಲಸ ಮಾಡುವುದಿಲ್ಲ, ಓಡುವಾಗ ಇಳಿಯಬಾರದು ಅಂತ. ಬ್ಯಾಟರಿ ಚಾರ್ಜ್ ಆಗಲಿ ಅಂತ ಇಂಜಿನ್ ಚಾಲೂ ಮಾಡಿ, ‘ಈಗ ಪೂರ್ತಿ ಸತ್ತೇಹೋಯಿತು’ ಅಂತ ಗಾಬರಿಯಾಗಬೇಡಿ. ಇಂಜಿನ್ ನಿಲ್ಲಿಸಿ, ಮಂಚದ ಕೀ ತಿರುಗಿಸಿದೆಯಾ ನೋಡಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ 12 ವೋಲ್ಟ್ ಆನ್ ಇದೆಯಾ ನೋಡಿ.

ಮೀಟರ್ ಹಿಡಿಯುವ ಕೆಲಸ

ಇಲ್ಲಿ ನಿಧಾನ ಮಾಡಿ, ಗಂಟೆಗಟ್ಟಲೆ ಒದ್ದಾಟ ತಪ್ಪುತ್ತದೆ. ಬೇಕಾಗುವುದು ಒಂದು ಸಾಮಾನ್ಯ ಮಲ್ಟಿಮೀಟರ್, ಡಿಸಿ 20 ವೋಲ್ಟ್‌ಗೆ ಇಟ್ಟರೆ ಆಯಿತು. ಮತ್ತೆ ಬಟನ್ ಒತ್ತಲು ಇನ್ನೊಬ್ಬರು.

ಈ ಮಂಚಗಳು ಗಾಡಿಯ ಒಳಬಳಕೆಯ 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತವೆ. ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ನೆ ಇದ್ದ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಅಂದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮಾತಾಡೋಣ. ಲಿಥಿಯಂ ಆದರೆ ಈ ಅಂಕಿ ನಂಬಬೇಡಿ. ಅದು ಹೆಚ್ಚುಕಮ್ಮಿ ಖಾಲಿಯಾಗುವವರೆಗೂ 13ರ ಆಸುಪಾಸಿನಲ್ಲೇ ಇರುತ್ತದೆ, ಅದರ ಚಾರ್ಜ್ ಶೇಕಡಾ ಎಷ್ಟಿದೆ ಅಂತ ನೋಡಬೇಕು. ಚಳಿ ಜಾಸ್ತಿ ಇದ್ದರೆ ಲೆಡ್ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಗೇರ್‌ನ ಗ್ರೀಸ್ ಗಟ್ಟಿಯಾಗುತ್ತದೆ. ಎರಡೂ ಒಟ್ಟಿಗೆ ಬಂದು ಮಂಚ ಮೊಂಡು ಹಿಡಿಯುತ್ತದೆ.

ಬರೀ ನಿಂತಿರುವ ವೋಲ್ಟೇಜ್ ನೋಡಿ ಸಮಾಧಾನ ಪಡಬೇಡಿ. ಮುಖ್ಯ ಅಳತೆ ಬಟನ್ ಒತ್ತಿದಾಗಿನದು. ಮೀಟರಿನ ಎರಡು ಮೊನೆಗಳನ್ನು ಬ್ಯಾಟರಿಗೆ ಇಟ್ಟುಕೊಂಡು, ಇನ್ನೊಬ್ಬರಿಗೆ ‘ಮೇಲೆ’ ಬಟನ್ ಎರಡು ಸೆಕೆಂಡ್ ಒತ್ತಲು ಹೇಳಿ. 12.5 ಇದ್ದದ್ದು 10ಕ್ಕೆ ಕುಸಿದರೆ ಬ್ಯಾಟರಿ ಹಳತಾಗಿದೆ ಅಥವಾ ಖಾಲಿಯಾಗಿದೆ. ಅಲ್ಲೇ ಮುಗಿಯಿತು. ದೀಪ ಮಂಕಾಗುತ್ತದಾ ಅಂತ ನೋಡಿ ಹೇಳುವವರಿದ್ದಾರೆ. ಈಗಿನ ಎಲ್‌ಇಡಿ ದೀಪಗಳು ಸ್ವಲ್ಪ ಕುಸಿತಕ್ಕೆ ಮಂಕಾಗದೇ ಇರಬಹುದು.

ನಮ್ಮದರಲ್ಲಿ ಬ್ಯಾಟರಿ 12.4 ಇತ್ತು, ಒತ್ತಿದಾಗ 12.1ಕ್ಕೆ ಬಂತು. ಚೆನ್ನಾಗಿದೆ. ಆಮೇಲೆ ಮಂಚದ ಕೆಳಗಿನ ಬಟ್ಟೆಯ ಜಿಪ್ ತೆಗೆದು, ಮೋಟರಿಗೆ ಹೋಗುವ ಎರಡು ದಪ್ಪ ವೈರಿನ ಕನೆಕ್ಟರಿಗೆ ಮೊನೆ ಇಟ್ಟೆ. ಮಗಳು ಬಟನ್ ಒತ್ತಿದಳು. ಮೀಟರ್ 9.1 ಅಂದಿತು.

ಬ್ಯಾಟರಿ ಬಿಟ್ಟ 12.1ರಲ್ಲಿ ಮೋಟರಿಗೆ ಮುಟ್ಟಿದ್ದು 9.1. ಮೂರು ವೋಲ್ಟ್ ದಾರಿಯಲ್ಲಿ ಕಳೆದುಹೋಗಿದೆ. ಉದ್ದದ ವೈರಿನಲ್ಲಿ ಅರ್ಧ ವೋಲ್ಟ್‌ನಷ್ಟು ಇಳಿಯುವುದು ಸಹಜ, ಮೂರು ಸಹಜ ಅಲ್ಲ. ಮಂಚದ ಮೋಟರ್ 15 ಆಂಪ್ ಎಳೆಯುತ್ತಿದೆ ಅಂದುಕೊಳ್ಳಿ. ಮೂರು ವೋಲ್ಟ್ ಗುಣಿಸು ಹದಿನೈದು, 45 ವ್ಯಾಟ್. ಅಷ್ಟು ಶಾಖ ಎಲ್ಲೋ ಒಂದು ಕಡೆ ಹುಟ್ಟುತ್ತಿದೆ. ಬೆಸುಗೆ ಹಾಕುವ ಕಡ್ಡಿಯಷ್ಟು ಬಿಸಿ, ಮರದ ಕಪಾಟಿನ ಒಳಗೆ! ಇದು ಗೊತ್ತಾದ ಮೇಲೆ ನನಗೆ ಮಂಚಕ್ಕಿಂತ ಬೆಂಕಿಯ ಭಯ ಜಾಸ್ತಿಯಾಯಿತು.

ಹುಡುಕುವ ಬಗೆ ಸುಲಭ. ಒಂದು ಮೊನೆ ಬ್ಯಾಟರಿಯ ಪ್ಲಸ್‌ನಲ್ಲೇ ಇರಲಿ, ಬೇಕಾದರೆ ಉದ್ದ ವೈರ್ ಸೇರಿಸಿ. ಇನ್ನೊಂದನ್ನು ದಾರಿಯುದ್ದಕ್ಕೂ ಮುಂದೆ ಮುಂದೆ ಇಡುತ್ತಾ ಹೋಗಿ. ಪ್ರತಿ ಸಲ ಎರಡು ಸೆಕೆಂಡ್ ಬಟನ್. ಮೀಟರ್ ಈಗ ತೋರಿಸುವುದು ಅಲ್ಲಿಯವರೆಗೆ ಎಷ್ಟು ಕಳೆಯಿತು ಅಂತ. ಫ್ಯೂಸಿನ ಬ್ಯಾಟರಿ ಕಡೆಯ ಕಾಲಿಗೆ ಇಟ್ಟಾಗ 0.1. ಫ್ಯೂಸ್ ದಾಟಿ, ಫ್ಯೂಸ್ ಕೂರುವ ಗೂಡಿನಿಂದ ಹೊರಡುವ ವೈರಿಗೆ ಇಟ್ಟಾಗ 2.6. ಸಿಕ್ಕಿತು. ಪ್ಲಸ್ ಕಡೆ ಏನೂ ಸಿಗದಿದ್ದರೆ ಇದನ್ನೇ ಬ್ಯಾಟರಿಯ ಮೈನಸ್‌ನಿಂದ ಮಾಡಿ. ಮೈನಸ್ ವೈರ್ ಗಾಡಿಯ ಚಾಸಿಗೆ ಕೂರುವ ಬೋಲ್ಟ್‌ನಲ್ಲಿ ತುಕ್ಕು ಹಿಡಿಯುವುದು ಸಾಮಾನ್ಯ.

ಫ್ಯೂಸ್ ಕಿತ್ತು ನೋಡಿದೆವು. ಫ್ಯೂಸ್ ಸುಟ್ಟಿರಲಿಲ್ಲ. ಅದರ ಒಂದು ಕಾಲು ಕಂದು ಬಣ್ಣಕ್ಕೆ ತಿರುಗಿತ್ತು, ಗೂಡಿನ ಪ್ಲಾಸ್ಟಿಕ್ ಕರಗಿ ಬಾಗಿತ್ತು. ಒಳಗಿನ ಹಿಡಿತ ಸಡಿಲವಾಗಿ, ಬಿಸಿಯಾಗಿ, ಬಿಸಿಯಾದಷ್ಟೂ ಇನ್ನೂ ಸಡಿಲವಾಗಿ ಹೀಗಾಗಿತ್ತು. ಮಂಚ ಶುರುವಿನಲ್ಲಿ ಏರಿ ಮಧ್ಯದಲ್ಲಿ ನಿಲ್ಲುತ್ತಿದ್ದದ್ದು, ಹತ್ತು ನಿಮಿಷ ಆರಿದ ಮೇಲೆ ಒಂದು ಗೇಣು ಏರುತ್ತಿದ್ದದ್ದು, ಎರಡಕ್ಕೂ ಇದೇ ಕಾರಣ. ಮೋಟರ್ ಕಾಯುತ್ತಿದೆ ಅಂತ ನಾವು ತಿಳಿದಿದ್ದೆವು. ಕಾಯುತ್ತಿದ್ದದ್ದು ಫ್ಯೂಸಿನ ಗೂಡು.

ಇಂಥ ಗೂಡನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಳಸಬೇಡಿ, ಹೊಸದು ಹಾಕಿ. ವೈರಿನ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಟರ್ಮಿನಲ್ ಒತ್ತಿ ಕೂರಿಸಿ. ಫ್ಯೂಸ್ ಮಾತ್ರ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಆಂಪ್‌ನದು ಇರಲಿ. ಪದೇ ಪದೇ ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡದು ಹಾಕುವವರನ್ನು ನೋಡಿದ್ದೇನೆ. ಫ್ಯೂಸ್ ಇರುವುದು ವೈರನ್ನು ಕಾಪಾಡಲು. ದೊಡ್ಡ ಫ್ಯೂಸ್ ಹಾಕಿದರೆ ಮೊದಲು ಸುಡುವುದು ವೈರ್. 12 ವೋಲ್ಟ್ ಅಂತ ಹಗುರ ಮಾಡಬೇಡಿ, ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪ್ ಕೊಡಬಲ್ಲದು.

ಇದಕ್ಕೆ ತದ್ವಿರುದ್ಧ, ಬಟನ್ ಒತ್ತಿದಾಗ ಮೋಟರಿನ ಕನೆಕ್ಟರಿನಲ್ಲಿ ಪೂರ್ತಿ 12 ವೋಲ್ಟ್ ಬರುತ್ತಿದ್ದು, ಮೋಟರ್ ಸದ್ದಿಲ್ಲದೆ ಕೂತಿದ್ದರೆ, ಆಗ ಮಾತ್ರ ಮೋಟರ್ ಮೇಲೆ ಅನುಮಾನ ಪಡಿ. ಸಾಮಾನ್ಯವಾಗಿ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಸವೆದಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರಿನ ಮೈಗೆ ಮೆಲ್ಲಗೆ ತಟ್ಟುತ್ತಾ ಬಟನ್ ಒತ್ತಿದರೆ ಒಮ್ಮೊಮ್ಮೆ ತಿರುಗುತ್ತದೆ. ತಿರುಗಿತು ಅಂದರೆ ರಿಪೇರಿ ಆಯಿತು ಅಂತಲ್ಲ, ರೋಗ ಯಾವುದು ಅಂತ ಗೊತ್ತಾಯಿತು ಅಷ್ಟೇ. ಮಂಚ ಮೇಲೆ ಕಳಿಸಿ ಲಾಕ್ ಮಾಡಿ, ಮೋಟರ್ ರಿಪೇರಿಗೆ ಕೊಡಿ.

ಲಿಮಿಟ್ ಸ್ವಿಚ್

ಮೇಲಿನ ತುದಿ, ಕೆಳಗಿನ ತುದಿ ಬಂದಾಗ ಮೋಟರ್ ನಿಲ್ಲಿಸುವುದು ಬೆರಳಿನ ಉಗುರಿನಷ್ಟು ಸಣ್ಣ ಸ್ವಿಚ್. ಅದರ ಲೋಹದ ನಾಲಗೆ ಧೂಳಿಗೆ, ಕೂದಲಿಗೆ, ಹೊದಿಕೆಯ ದಾರಕ್ಕೆ ಸಿಕ್ಕಿ ಒತ್ತಿದ ಹಾಗೇ ಉಳಿದರೆ ಮಂಚ ತಾನು ಆಗಲೇ ಮೇಲಿದ್ದೇನೆ ಅಂದುಕೊಳ್ಳುತ್ತದೆ. ಬೆರಳಿನಿಂದ ಒತ್ತಿ ಬಿಡಿ. ‘ಕಟ್’ ಅಂತ ಚುರುಕಾಗಿ ವಾಪಸ್ ಬರಬೇಕು. ಫ್ಯೂಸ್ ಕಿತ್ತು, ವೈರ್ ಒಂದು ಬಿಚ್ಚಿ, ಮೀಟರನ್ನು ಬೀಪ್‌ಗೆ (ದಾರಿ ಕೂಡಿದ್ದರೆ ಸದ್ದು ಮಾಡುವ ಜಾಗ) ಇಟ್ಟು ಅದರ ಎರಡು ಕಾಲಿಗೆ ಹಿಡಿದರೆ ಒತ್ತಿದಾಗ, ಬಿಟ್ಟಾಗ ಬೀಪ್ ಬದಲಾಗಬೇಕು. ಬದಲಾಗದಿದ್ದರೆ ಸ್ವಿಚ್ ಹೋಗಿದೆ. ಎರಡು ವೈರ್ ಸೇರಿಸಿ ಸ್ವಿಚ್ ತಪ್ಪಿಸುವ ಯೋಚನೆ ಬೇಡ. ಮೇಲಿನ ತುದಿಯಲ್ಲಿ ನಿಲ್ಲಿಸುವವರೇ ಇಲ್ಲದಿದ್ದರೆ ಬೆಲ್ಟ್ ಹರಿಯುವವರೆಗೆ ಮೋಟರ್ ಎಳೆಯುತ್ತದೆ.

ಕೈಯಿಂದ ಎತ್ತುವುದು

ಏನೂ ಸಿಗಲಿಲ್ಲ, ಹೊರಡಲೇಬೇಕು ಅಂದರೆ ಇದೊಂದು ದಾರಿ. ಎಷ್ಟೋ ಮಂಚಗಳಲ್ಲಿ ಮೋಟರಿನ ತುದಿಯಲ್ಲಿ ಅಥವಾ ಗೇರ್ ಪೆಟ್ಟಿಗೆಯಲ್ಲಿ ಆರು ಮೂಲೆಯ ಒಂದು ಕುಳಿ ಅಥವಾ ಬೋಲ್ಟ್ ತಲೆ ಇರುತ್ತದೆ. ರಬ್ಬರ್ ಮುಚ್ಚಳ ಇರಬಹುದು. ಗಾಡಿಯ ಜೊತೆ ಕೊಟ್ಟ ಹ್ಯಾಂಡಲ್ ಅದಕ್ಕೆ ಕೂರುತ್ತದೆ. ಫ್ಯೂಸ್ ಕಿತ್ತು, ನಿಧಾನವಾಗಿ ತಿರುಗಿಸಿ. ಮೊದಲ ಎರಡು ಸುತ್ತು ತಿರುಗಿಸಿ ಮಂಚ ಯಾವ ಕಡೆ ಹೋಗುತ್ತದೆ ನೋಡಿಕೊಳ್ಳಿ. ನಮ್ಮದರಲ್ಲಿ ಒಂದು ಸೆಂಟಿಮೀಟರಿಗೆ ನಾಲ್ಕು ಸುತ್ತು, ಆವತ್ತು ನಮ್ಮವರು ಮುನ್ನೂರಕ್ಕೂ ಜಾಸ್ತಿ ಸುತ್ತು ತಿರುಗಿಸಿದರು. ನಾನು ನಾಲ್ಕೂ ಮೂಲೆಯ ಬೆಲ್ಟ್ ನೋಡುತ್ತಾ ನಿಂತಿದ್ದೆ. ಇಬ್ಬರಿರುವುದು ಬೇಕೇ ಬೇಕು.

ಬ್ಯಾಟರಿ ಡ್ರಿಲ್ ಹಾಕಬಹುದಾ? ನಿಮ್ಮ ಮಂಚದ ಪುಸ್ತಕ ಒಪ್ಪಿದರೆ ಮಾತ್ರ. ಹಾಕಿದರೂ ತೀರಾ ನಿಧಾನ ವೇಗ, ಕಡಿಮೆ ಬಲ. ಹ್ಯಾಮರ್, ಇಂಪ್ಯಾಕ್ಟ್ ಯಾವುದೂ ಬೇಡ. ಕೆಲವು ಮಂಚಗಳಲ್ಲಿ ಕೈಯಿಂದ ತಿರುಗಿಸುವ ಮುಂಚೆ ಒಂದು ಬ್ರೇಕ್ ಸಡಿಲ ಮಾಡಬೇಕಾಗುತ್ತದೆ. ಅಲ್ಲಿ ತುಂಬಾ ಎಚ್ಚರ, ಬ್ರೇಕ್ ಬಿಟ್ಟ ಕ್ಷಣ ಪೂರ್ತಿ ಭಾರ ನಿಮ್ಮ ಕೈಗೆ ಬರಬಹುದು, ಆಸರೆ ಇಲ್ಲದೆ ಮುಟ್ಟಬೇಡಿ. ಎರಡು ಮೋಟರ್ ಇರುವ ಮಂಚವಾದರೆ ಎರಡೂ ಬದಿ ಸ್ವಲ್ಪ ಸ್ವಲ್ಪವೇ ಸಮನಾಗಿ ಎತ್ತಿ. ಒಂದೇ ಬದಿ ಎತ್ತಿದರೆ ಹಳಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಮೇಲೆ ಹೋದ ಮೇಲೆ ಲಾಕ್ ಪಿನ್ ಅಥವಾ ಸುರಕ್ಷಾ ಬೆಲ್ಟ್ ಹಾಕಿ. ಅದು ಇಲ್ಲದ ಗಾಡಿಯಲ್ಲಿ ಗಟ್ಟಿ ಪಟ್ಟಿಯಿಂದ ಚೌಕಟ್ಟನ್ನು ಕಟ್ಟಿ, ಫ್ಯೂಸ್ ಹೊರಗೇ ಇರಲಿ.

ಬೆಲ್ಟ್

ಮಂಚದ ಮೂಲೆಗಳು ಒಂದೇ ಮಟ್ಟದಲ್ಲಿಲ್ಲದಿದ್ದರೆ ಯಾವುದಾದರೂ ಬೆಲ್ಟ್ ಉರುಳೆಯ ಮೇಲೆ ಸುಕ್ಕಾಗಿ, ಮಡಿಚಿ ಸುತ್ತಿಕೊಂಡಿರಬಹುದು. ಪೂರ್ತಿ ಇಳಿಸಿ, ನೇರ ಮಾಡಿ, ಕೈಯಲ್ಲಿ ಸ್ವಲ್ಪ ಬಿಗಿ ಹಿಡಿದು ಮತ್ತೆ ಸುತ್ತಿಸಿ. ಅಂಚಿನಲ್ಲಿ ನೂಲು ಎದ್ದಿದ್ದರೆ, ಎಲ್ಲಾದರೂ ಸೀಳಿದ್ದರೆ ಆ ಮಂಚ ಬಳಸುವುದು ಆವತ್ತಿಗೇ ನಿಲ್ಲಿಸಿ. ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಹಳೆಯದು ಹೊಸದು ಒಂದೇ ತರ ಹಿಗ್ಗುವುದಿಲ್ಲ. ಬೆಲ್ಟಿಗೆ ಎಣ್ಣೆ, ಗ್ರೀಸ್ ಹಾಕಬೇಡಿ. ಪಕ್ಕದ ಹಳಿಗೆ ಬೇಕಾದರೆ ಒರೆಸಿ, ಒಣಗುವ ಜಾತಿಯ ಸಿಲಿಕೋನ್ ಸ್ಪ್ರೇ ತೆಳುವಾಗಿ ಹೊಡೆಯಿರಿ.

ರಿಪೇರಿ ಆದ ಮೇಲೆ ಖಾಲಿ ಮಂಚವನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಮೂರು ಸಲ ಮಾಡಿ. ಮಧ್ಯೆ ಮಧ್ಯೆ ಹತ್ತು ನಿಮಿಷ ಮೋಟರಿಗೆ ವಿರಾಮ ಕೊಡಿ. ಪ್ರತಿ ಸಲ ಫ್ಯೂಸಿನ ಗೂಡು, ಕನೆಕ್ಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಕೆಲಸ ಇನ್ನೂ ಮುಗಿದಿಲ್ಲ. ನಮ್ಮದು ಹೊಸ ಗೂಡು ಹಾಕಿದ ಮೇಲೆ ಮೋಟರಿನ ಹತ್ತಿರ 11.7 ತೋರಿಸಿತು. ಆ ಅಂಕಿಯನ್ನು ತಾರೀಖಿನ ಜೊತೆ ಕಪಾಟಿನ ಬಾಗಿಲಿನ ಒಳಬದಿಗೆ ಬರೆದು ಅಂಟಿಸಿದ್ದೇನೆ. ಪಕ್ಕದಲ್ಲೇ ಹ್ಯಾಂಡಲ್ ನೇತುಹಾಕಿದೆ. ನಿಮ್ಮ ಮಂಚದ ಕುಳಿ ಎಲ್ಲಿದೆ, ಹ್ಯಾಂಡಲ್ ಎಲ್ಲಿದೆ ಅಂತ ಮಂಚ ಚೆನ್ನಾಗಿರುವಾಗಲೇ, ಹಗಲಿನಲ್ಲೇ ಒಮ್ಮೆ ಹುಡುಕಿ, ನಾಲ್ಕು ಸುತ್ತು ತಿರುಗಿಸಿ ನೋಡಿಡಿ.